ಸಾಫ್ಟ್‌ವೇರ್ ಕೆಲಸಕ್ಕೆ ಹೋದಾಗ ನಾವು ಯಾವ ಊರಿನವರು?



ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ನಮ್ಮ ಹುಡುಗ ಹುಡುಗಿಯರು ಇಂಟರ್‌ವ್ಯೂಗೆ ಅಂತ ಒಬ್ಬರು ಹೈದರಾಬಾದಿಗೆ, ಇನ್ನೊಬ್ಬರು ಬೆಂಗಳೂರಿಗೆ ಬ್ಯಾಗ್ ಕಟ್ಟೋದು ಈಗ ಮಾಮೂಲಿ. 2023ರ ಅಕ್ಟೋಬರ್ 1ಕ್ಕೆ ಜಕ್ಲೇರ್-ಕೃಷ್ಣಾ ಹೊಸ ರೈಲು ಮಾರ್ಗ ಶುರುವಾಗಿ, ಕಾಚಿಗುಡ-ರಾಯಚೂರು ರೈಲು ಓಡೋಕೆ ಶುರುವಾದ ಮೇಲೆ ಹೈದರಾಬಾದ್ ಇನ್ನೂ ಹತ್ತಿರ ಆಯ್ತು. ಆದ್ರೆ ಎರಡೂ ಊರಲ್ಲಿ ನಮಗೆ ಒಂದು ಪ್ರಶ್ನೆ ತಪ್ಪಲ್ಲ: "ನೀವು ಯಾವ ಕಡೆಯವ್ರು?" ಅಲ್ಲಿ ನಾವು ಕನ್ನಡದವರು, ಇಲ್ಲಿ ತೆಲುಗಿನವರು!

ಇದು ಬರೀ ತಮಾಷೆ ಮಾತಾಗಿದ್ರೆ ನಕ್ಕು ಬಿಡಬಹುದಿತ್ತು. 2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ನಾಸ್ಕಾಂ ಮತ್ತು ಐಟಿ ಕಂಪನಿಗಳು ಗಲಾಟೆ ಎಬ್ಬಿಸಿದವು, ಸರ್ಕಾರ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಎಲ್ಲರೂ ಆ ಶೇಕಡಾ ಲೆಕ್ಕದ ಮೇಲೇ ಜಗಳ ಆಡಿದರು. 'ಸ್ಥಳೀಯ ಅಭ್ಯರ್ಥಿ' ಅಂದ್ರೆ ಯಾರು ಅನ್ನೋ ವ್ಯಾಖ್ಯೆ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಕರ್ನಾಟಕದಲ್ಲೇ ಹುಟ್ಟಿರಬೇಕು, 15 ವರ್ಷ ಅಲ್ಲೇ ವಾಸ ಇರಬೇಕು, ಕನ್ನಡ ಓದೋಕೆ ಬರೆಯೋಕೆ ಬರಬೇಕು.

ಕೃಷ್ಣಾ ಮಂಡಲದ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದ ಹುಡುಗಿ ಮೂರನೆಯದರಲ್ಲಿ ಪಾಸು, ಮೊದಲೆರಡರಲ್ಲಿ ಫೇಲು. ಹೊಳೆ ದಾಟಿದರೆ ಶಕ್ತಿನಗರ. ಅಲ್ಲಿ ಹುಟ್ಟಿದ್ರೆ ಮೂರರಲ್ಲೂ ಪಾಸು. ಹಾಗಂತ ಗಡಿ ನಾವೇನು ಕೇಳಿ ಹಾಕಿಸಿಕೊಂಡಿದ್ದಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಟ್ಟಾಗ ಆಲಂಪುರ, ಗದ್ವಾಲ ತಾಲೂಕುಗಳನ್ನು ಬಿಟ್ಟು ಕೊಟ್ಟಿತು. ಅಲ್ಲಿವರೆಗೆ ಗದ್ವಾಲದವರೂ ರಾಯಚೂರು ಜಿಲ್ಲೆಯವರೇ.

ಮಸೂದೆ ಮತ್ತೆ ಬರುತ್ತೋ ಇಲ್ವೋ, ಬಂದ್ರೂ ಕೋರ್ಟಲ್ಲಿ ನಿಲ್ಲುತ್ತೋ ಇಲ್ವೋ ಅದು ಬೇರೆ ಮಾತು. ಹರಿಯಾಣದ ಶೇ. 75ರ ಕಾನೂನನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿದೆ. ಆದ್ರೆ ಬರೋದಾದ್ರೆ ಶಾಲಾ ದಾಖಲೆಯಲ್ಲಿ ಕನ್ನಡ ಓದಿದ ಗಡಿ ತಾಲೂಕಿನವರೂ ಸ್ಥಳೀಯರು ಅಂತ ಒಂದು ಸಾಲು ಅದರಲ್ಲಿ ಇರಲೇಬೇಕು. ಮತ್ತೆ 371ಡಿ, 371ಜೆ ನಂಬಿಕೊಂಡು ಕೂರಬೇಡಿ. ಅವು ಸರ್ಕಾರಿ ನೌಕರಿಗೆ, ಕಾಲೇಜ್ ಸೀಟಿಗೆ. ಸಾಫ್ಟ್‌ವೇರ್ ಕಂಪನಿ ಬಾಗಿಲಲ್ಲಿ ನಡೆಯಲ್ಲ.

ಅಲ್ಲಿ ನಡೆಯೋದು ಏನು? ಹೊಸಬರಿಗೆ ಸಾಮಾನ್ಯವಾಗಿ ಆಪ್ಟಿಟ್ಯೂಡ್, ಕೋಡಿಂಗ್ ಟೆಸ್ಟ್, ಆಮೇಲೆ ಟೆಕ್ನಿಕಲ್, ಕೊನೆಗೆ ಎಚ್‌ಆರ್. ಟೆಸ್ಟ್ ದಾಟಿದ ನಮ್ಮವರು ಬೀಳೋದು ಟೆಕ್ನಿಕಲ್‌ನಲ್ಲಿ. "ನಿನ್ನ ಪ್ರಾಜೆಕ್ಟ್ ಬಗ್ಗೆ ಹೇಳು" ಅಂದ ಕೂಡಲೇ ನಾಲಿಗೆ ಒಣಗುತ್ತೆ. ಇಂಗ್ಲಿಷ್ ಬರಲ್ಲ ಅಂತ ಎಲ್ಲರೂ ಅಂದುಕೊಳ್ತಾರೆ. ಅರ್ಧ ನಿಜ. ಇನ್ನರ್ಧ, ಅಮೀರ್‌ಪೇಟೆಯಲ್ಲಿ ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ನಮ್ಮದಲ್ಲ, ಅದನ್ನು ಕನ್ನಡದಲ್ಲಿ ಕೇಳಿದ್ರೂ ಹೇಳೋಕಾಗಲ್ಲ!

ನಮ್ಮದೇ ಪ್ರಾಜೆಕ್ಟ್ ನಮ್ಮ ಕಣ್ಣೆದುರೇ ಇದೆ. ನಮ್ಮಲ್ಲಿ ಎಷ್ಟೋ ಜನ ಎರಡು ಲಿಪಿ ಓದ್ತೀವಿ. ಯೂನಿಕೋಡ್‌ನಲ್ಲಿ ತೆಲುಗು ಅಕ್ಷರಗಳ ಮನೆ 3072ರಿಂದ 3199, ಅದರ ಗೋಡೆಗೆ ಅಂಟಿಕೊಂಡೇ 3200ರಿಂದ 3327ರವರೆಗೆ ಕನ್ನಡದ ಮನೆ. ತೆಲುಗಿನ 'ಕ' 3093, ಕನ್ನಡದ 'ಕ' 3221. ವ್ಯತ್ಯಾಸ 128. ಹೆಚ್ಚಿನ ಅಕ್ಷರಗಳಿಗೆ ಇದೇ ಲೆಕ್ಕ. ಅಂದ್ರೆ ತೆಲುಗು ಬಸ್ ಬೋರ್ಡನ್ನು ಕನ್ನಡ ಲಿಪಿಗೆ ತರೋ ಪ್ರೋಗ್ರಾಂ ಒಂದು ಸಂಜೆಯ ಕೆಲಸ. ಹೊಂದದ ಅಕ್ಷರಗಳು ಯಾವುವು ಅಂತ ಹುಡುಕೋದರಲ್ಲಿ ನಿಜವಾದ ಕಲಿಕೆ ಇದೆ. 'ಕನ್ನಡ' ಅನ್ನೋ ಪದ ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಎಣಿಸಿದ್ರೆ ಐದು, ಯುಟಿಎಫ್-8ನಲ್ಲಿ 15 ಬೈಟ್. ಯಾಕೆ ಅಂತ ಎರಡು ನಿಮಿಷ ವಿವರಿಸಿದವರನ್ನು ಇಂಟರ್‌ವ್ಯೂ ಮಾಡೋರು ಮರೆಯಲ್ಲ. ಮೊದಲು ಗೆಳೆಯನಿಗೆ ಕನ್ನಡದಲ್ಲಿ ಹೇಳಿ ನೋಡಿ, ಅವನಿಗೆ ಅರ್ಥ ಆದ್ರೆ ಇಂಗ್ಲಿಷಿಗೆ ಹೊರಳಿಸಿ. ತಪ್ಪು ಇಂಗ್ಲಿಷ್ ನಡೆಯುತ್ತೆ, ತಪ್ಪು ತರ್ಕ ನಡೆಯಲ್ಲ.

ಬಯೋಡೇಟಾದಲ್ಲಿ ಭಾಷೆಗಳ ಕಡೆ ಕನ್ನಡ, ತೆಲುಗು ಎರಡನ್ನೂ ಬರೀರಿ. ಕಸ್ಟಮರ್ ಸಪೋರ್ಟ್, ಭಾಷಾ ಡೇಟಾ ಕೆಲಸಗಳಲ್ಲಿ ಅದಕ್ಕೆ ಬೆಲೆ ಇದೆ. ಕನ್ನಡ ಬರೆದ್ರೆ ಹಳ್ಳಿಯವರು ಅಂದುಕೊಳ್ತಾರೆ ಅಂತ ಬಿಟ್ಟವರನ್ನು ನೋಡಿದೀವಿ. ಅಂದುಕೊಳ್ಳಲಿ ಬಿಡಿ.

ಇನ್ನೊಂದು. ಲಕ್ಷ ಕೊಟ್ರೆ 'ಬ್ಯಾಕ್‌ಡೋರ್' ಕೆಲಸ, ಸುಳ್ಳು ಅನುಭವದ ಪತ್ರ ಅನ್ನೋ ಕನ್ಸಲ್ಟೆನ್ಸಿಗಳ ಹತ್ರ ಹೋಗಲೇಬೇಡಿ. ಅಪ್ಪ ಅಮ್ಮ ಹೊಲ ಅಡ ಇಟ್ಟು ಕೊಟ್ಟ ದುಡ್ಡದು. ಕಂಪನಿಗಳು ಪಿಎಫ್ ದಾಖಲೆ ತೆಗೆದು ನೋಡ್ತವೆ, ಸೇರಿದ ಮೇಲೂ ಹೊರಗೆ ಹಾಕ್ತವೆ.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ನಮ್ಮ ಬೇಡಿಕೆ ಇದು: ಸಭಾಭವನ, ಸನ್ಮಾನದ ಜೊತೆಗೆ ಗಡಿ ಮಕ್ಕಳಿಗೆ ವರ್ಷಕ್ಕೆರಡು ಸಲ ಅಣಕು ಇಂಟರ್‌ವ್ಯೂ ಶಿಬಿರ ಮಾಡಿ. ರಾಯಚೂರಿಗೆ ಐಐಐಟಿ ಬಂದಿದೆ, ಕಲಿಸೋರು ಅಲ್ಲೇ ಇದ್ದಾರೆ. ಶಿಬಿರ ರಾಯಚೂರಲ್ಲೇ ಇಟ್ಟರೂ ಆಯ್ತು, ಕೃಷ್ಣಾ ಸ್ಟೇಷನ್ನಿಂದ ಬೆಳಿಗ್ಗೆ ಹೋಗಿ ಸಂಜೆ ಬರ್ತೀವಿ. ಈ ಮನವಿಗೆ ಸಹಿ ಹಾಕೋರು ನಿಮ್ಮ ಊರು, ಓದಿದ ಶಾಲೆ, ಕನ್ನಡ ಯಾವ ತರಗತಿವರೆಗೆ ಅಂತ ಇನ್‌ಬಾಕ್ಸ್ ಮಾಡಿ.