ಸುದ್ದಿ ಬೇಕು, ಕೊಟ್ಟವರು ಬೇಡ

2024ರ ಜೂನ್ 26ರ ಸಂಜೆ ಕ್ಯಾನ್‌ಬೆರಾದಲ್ಲಿ ವಿಮಾನದ ಮೆಟ್ಟಿಲಿಳಿದ ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸಾಂಜ್ ಮುಷ್ಟಿ ಎತ್ತಿ ತೋರಿಸಿದರು. ಕಾದು ನಿಂತಿದ್ದ ಪತ್ನಿ ಸ್ಟೆಲ್ಲಾ ಅವರನ್ನು ಅಪ್ಪಿ ಎತ್ತಿಕೊಂಡರು. ಟಿ.ವಿ. ಚಾನೆಲ್‌ಗಳಲ್ಲಿ ನೇರಪ್ರಸಾರ ನಡೆದಿತ್ತು. ಆಸ್ಟ್ರೇಲಿಯಾ ಪ್ರಧಾನಿ ಆಂಟನಿ ಆಲ್ಬನೀಸ್ ಫೋನಿನಲ್ಲಿ ಮಾತನಾಡಿದರು. ಅದಕ್ಕೂ ಮೊದಲು, ಸೈಪಾನ್ ದ್ವೀಪದ ಅಮೆರಿಕನ್ ಕೋರ್ಟಿನಲ್ಲಿ ಅಸಾಂಜ್ ಒಂದು ಆರೋಪವನ್ನು ಒಪ್ಪಿಕೊಂಡು ಬಿಡುಗಡೆ ಪಡೆದಾಗ, ಮಾಜಿ ಪ್ರಧಾನಿಯೂ ಆಗ ಅಮೆರಿಕದಲ್ಲಿ ರಾಯಭಾರಿಯೂ ಆಗಿದ್ದ ಕೆವಿನ್ ರಡ್ ಖುದ್ದಾಗಿ ಹಾಜರಿದ್ದರು.

ಅದೇ ಕ್ಯಾನ್‌ಬೆರಾದ ಜೈಲಿನಲ್ಲಿ ಆ ಹೊತ್ತಿಗೆ ಡೇವಿಡ್ ಮೆಕ್‌ಬ್ರೈಡ್ ಆರು ವಾರ ಕಳೆದಿದ್ದರು.

ಮೆಕ್‌ಬ್ರೈಡ್ ಆಸ್ಟ್ರೇಲಿಯಾ ಸೇನೆಯ ಮಾಜಿ ವಕೀಲ. ಅಫ್ಗಾನಿಸ್ತಾನದಲ್ಲಿ ಎರಡು ಅವಧಿ ಕೆಲಸ ಮಾಡಿದವರು. ಸೇನೆಯ ರಹಸ್ಯ ಕಡತಗಳನ್ನು ಪತ್ರಕರ್ತರ ಕೈಗೆ ಕೊಟ್ಟದ್ದಕ್ಕಾಗಿ ಅವರಿಗೆ 2024ರ ಮೇ 14ರಂದು 5 ವರ್ಷ 8 ತಿಂಗಳ ಶಿಕ್ಷೆಯಾಯಿತು. ಆ ಕಡತಗಳನ್ನು ಆಧರಿಸಿ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿ 2017ರಲ್ಲಿ ‘ಅಫ್ಗಾನ್ ಫೈಲ್ಸ್’ ಸರಣಿ ಪ್ರಕಟಿಸಿತ್ತು. ನಿರಾಯುಧ ಅಫ್ಗನ್ನರನ್ನು, ಮಕ್ಕಳನ್ನು ಕೂಡ, ವಿಶೇಷ ಪಡೆಯ ಯೋಧರು ಕೊಂದ ಪ್ರಕರಣಗಳು ಅದರಲ್ಲಿದ್ದವು. ಇದು ಪತ್ರಕರ್ತರ ಕಟ್ಟುಕತೆಯಾಗಿರಲಿಲ್ಲ. ಸೇನೆಯೇ ನಡೆಸಿದ ಬ್ರೆರೆಟನ್ ತನಿಖೆ 2020ರ ನವೆಂಬರ್‌ನಲ್ಲಿ 39 ಮಂದಿಯ ಕಾನೂನುಬಾಹಿರ ಹತ್ಯೆಗೆ ನಂಬಲರ್ಹ ಮಾಹಿತಿ ಇದೆಯೆಂದೂ, 25 ಯೋಧರು ಅದರಲ್ಲಿ ಭಾಗಿಗಳೆಂದೂ ವರದಿ ಕೊಟ್ಟಿತು. ಆದರೂ ಮೆಕ್‌ಬ್ರೈಡ್ ಜೈಲು ಸೇರಿದ ದಿನದವರೆಗೆ, ಆ ಹತ್ಯೆಗಳಿಗೆ ಸಂಬಂಧಪಟ್ಟಂತೆ ಶಿಕ್ಷೆಯಾಗಿ ಒಳಗೆ ಹೋದ ಒಬ್ಬನೇ ಒಬ್ಬ ಯೋಧನೂ ಇರಲಿಲ್ಲ. ಗುಂಡು ಹಾರಿಸಿದವರಿಗಿಂತ ಮೊದಲು ಕಾಗದ ಕೊಟ್ಟವರು ಕಂಬಿ ಎಣಿಸಿದರು.

ಅಸಾಂಜ್ ಬಿಡುಗಡೆ ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ ಸುಮಾರು 7 ವರ್ಷ, ಲಂಡನ್ನಿನ ಬೆಲ್‌ಮಾರ್ಷ್ ಜೈಲಿನಲ್ಲಿ 5 ವರ್ಷ ಕಳೆದವರನ್ನು ಹೊರತರಲು ಬೀದಿಗಿಳಿದವರು ಒಂದಿಬ್ಬರಲ್ಲ. 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸಂಸತ್ತಿನ ಸುತ್ತ ಸಾವಿರಾರು ಜನ ಕೈ ಕೈ ಹಿಡಿದು ನಿಂತರು. ‘ನ್ಯೂಯಾರ್ಕ್ ಟೈಮ್ಸ್’, ‘ಗಾರ್ಡಿಯನ್’ ಸೇರಿ ಐದು ದೊಡ್ಡ ಪತ್ರಿಕೆಗಳು ಮೊಕದ್ದಮೆ ಕೈಬಿಡಿ ಎಂದು ಬಹಿರಂಗ ಪತ್ರ ಬರೆದವು. 2024ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ಸಂಸತ್ತಿನ ಕೆಳಮನೆ 86–42 ಮತಗಳಿಂದ ಅದೇ ಬೇಡಿಕೆಯ ನಿರ್ಣಯ ಅಂಗೀಕರಿಸಿತು. ಆಲ್ಬನೀಸ್ ಕೂಡ ಪರವಾಗಿಯೇ ಮತ ಹಾಕಿದರು. ಮೂರು ತಿಂಗಳ ನಂತರ ಅವರ ಸರ್ಕಾರದ ಅವಧಿಯಲ್ಲೇ ಮೆಕ್‌ಬ್ರೈಡ್ ಜೈಲಿಗೆ ಹೋದರು.

ದೂರದ ಅಮೆರಿಕ ಹಾಕಿದ ಮೊಕದ್ದಮೆಯನ್ನು ಖಂಡಿಸುವುದು ಸುಲಭ. ತನ್ನದೇ ಸರ್ಕಾರ ನಡೆಸುತ್ತಿರುವ ಮೊಕದ್ದಮೆ ನಿಲ್ಲಿಸುವುದಕ್ಕೆ ಗಟ್ಟಿ ಮನಸ್ಸು ಬೇಕು. ಅಧಿಕಾರವೇನೋ ಕೈಯಲ್ಲೇ ಇತ್ತು. ಪೂರ್ವ ಟಿಮೋರ್ ಸರ್ಕಾರದ ಮೇಲೆ ಆಸ್ಟ್ರೇಲಿಯಾ ನಡೆಸಿದ ಕದ್ದಾಲಿಕೆಯ ಪ್ರಕರಣದಲ್ಲಿ ವಕೀಲ ಬರ್ನಾರ್ಡ್ ಕೊಲೇರಿ ಮೇಲಿದ್ದ ಮೊಕದ್ದಮೆಯನ್ನು 2022ರ ಜುಲೈನಲ್ಲಿ ಅಟಾರ್ನಿ ಜನರಲ್ ಮಾರ್ಕ್ ಡ್ರೈಫಸ್ ಇದೇ ಅಧಿಕಾರ ಬಳಸಿ ಕೈಬಿಟ್ಟಿದ್ದರು. ಮೆಕ್‌ಬ್ರೈಡ್ ವಿಷಯಕ್ಕೆ ಬಂದಾಗ ಆ ಅಧಿಕಾರ ಅಪರೂಪದ ಸಂದರ್ಭಕ್ಕೆ ಮಾತ್ರ ಎಂದುಬಿಟ್ಟರು.

ಪತ್ರಿಕಾ ಲೋಕದ ಲೆಕ್ಕವನ್ನೂ ಇಲ್ಲೇ ನೋಡಬೇಕು. 2019ರ ಜೂನ್ 5ರಂದು ‘ಅಫ್ಗಾನ್ ಫೈಲ್ಸ್’ ಸಂಬಂಧ ಸಿಡ್ನಿಯ ಎಬಿಸಿ ಕಚೇರಿಗೆ ಫೆಡರಲ್ ಪೊಲೀಸರು ನುಗ್ಗಿದಾಗ ಹಿರಿಯ ಸಂಪಾದಕ ಜಾನ್ ಲಯನ್ಸ್ ಪಕ್ಕದಲ್ಲೇ ಕೂತು ಶೋಧದ ವಿವರಗಳನ್ನು ಒಂದೊಂದಾಗಿ ಟ್ವೀಟ್ ಮಾಡಿದರು. ಪೊಲೀಸರು ಜಾಲಾಡಲು ಹೊರಟ ದಾಖಲೆಗಳು 9,214. ಸಿಕ್ಕಿದ್ದನ್ನು ನಕಲು ಮಾಡಲು ಮಾತ್ರವಲ್ಲ, ಸೇರಿಸಲು, ಅಳಿಸಲು, ಬದಲಿಸಲು ಕೂಡ ವಾರಂಟ್‌ನಲ್ಲಿ ಅವಕಾಶವಿತ್ತು! ಜಗತ್ತೇ ಬೆಚ್ಚಿತು. ಅದೇ ವರ್ಷ ಅಕ್ಟೋಬರ್ 21ರಂದು, ಪರಸ್ಪರ ಮುಖ ನೋಡದ ಪತ್ರಿಕೆಗಳೆಲ್ಲ ಒಂದಾಗಿ ಮುಖಪುಟದ ಸಾಲುಗಳ ಮೇಲೆ ಕಪ್ಪು ಪಟ್ಟಿ ಬಳಿದು ಹೊರಬಂದವು. ಅವುಗಳ ಬೇಡಿಕೆಗಳ ಪಟ್ಟಿಯಲ್ಲಿ ಒಳಗಿನ ಅಕ್ರಮ ಬಯಲಿಗೆಳೆಯುವ ಸರ್ಕಾರಿ ನೌಕರರಿಗೆ (ವಿಸಲ್‌ಬ್ಲೋವರ್‌ಗಳಿಗೆ) ರಕ್ಷಣೆಯೂ ಇತ್ತು. ಮೆಕ್‌ಬ್ರೈಡ್ ಜೈಲಿಗೆ ಹೋದಾಗ ಸಂಪಾದಕೀಯಗಳು ಬಂದವು, ಕೋರ್ಟಿನ ಹೊರಗೆ ಬೆಂಬಲಿಗರು ಸೇರಿದರು. ಕಪ್ಪು ಮುಖಪುಟ ಮಾತ್ರ ಬರಲಿಲ್ಲ.

ಎಬಿಸಿ ವರದಿಗಾರ ಡ್ಯಾನ್ ಓಕ್ಸ್ ಮೇಲಿನ ಪ್ರಕರಣ 2020ರ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಶಿಕ್ಷೆ ಆಗುವ ಸಂಭವ ಇದ್ದರೂ ಮೊಕದ್ದಮೆ ಹೂಡುವುದು ಸಾರ್ವಜನಿಕ ಹಿತಕ್ಕೆ ಒಪ್ಪುವುದಿಲ್ಲ ಎಂದು ಪ್ರಾಸಿಕ್ಯೂಷನ್ ಇಲಾಖೆ ಹಿಂದೆ ಸರಿಯಿತು. ಸರಿಯಾದ ತೀರ್ಮಾನ. ಆದರೆ ಮೆಕ್‌ಬ್ರೈಡ್ ಕೋರ್ಟಿಗೆ ಹೋಗಿ ‘ನಾನು ಸಾರ್ವಜನಿಕ ಹಿತಕ್ಕಾಗಿಯೇ ಹೀಗೆ ಮಾಡಿದೆ’ ಎನ್ನಲು ಹೊರಟಾಗ ನ್ಯಾಯಮೂರ್ತಿ ಡೇವಿಡ್ ಮಾಸಪ್, ಸೈನಿಕನ ಕರ್ತವ್ಯದಲ್ಲಿ ಆ ವಾದಕ್ಕೆ ಜಾಗವೇ ಇಲ್ಲ, ಆದೇಶ ಪಾಲಿಸುವುದಷ್ಟೇ ಕರ್ತವ್ಯ ಎಂದರು. ಪ್ರತಿವಾದದ ದಾರಿ ಮುಚ್ಚಿದ ಮೇಲೆ 2023ರ ನವೆಂಬರ್‌ನಲ್ಲಿ ಮೆಕ್‌ಬ್ರೈಡ್ ತಪ್ಪೊಪ್ಪಿಕೊಂಡರು. ಒಂದೇ ಕಡತ, ಒಂದೇ ಸುದ್ದಿ. ಪ್ರಕಟಿಸಿದವರನ್ನು ಕಾಪಾಡಿದ ಸಾರ್ವಜನಿಕ ಹಿತ, ಕೊಟ್ಟವರ ಬಾಯಲ್ಲಿ ಬರುವುದಕ್ಕೂ ಬಿಡಲಿಲ್ಲ.

ಮೆಕ್‌ಬ್ರೈಡ್ ಪರ ಪ್ರಚಾರ ಮಾಡುವವರು ಒಂದು ಸಂಗತಿಯನ್ನು ಮೆಲ್ಲಗೆ ದಾಟಿಬಿಡುತ್ತಾರೆ. ಮೆಕ್‌ಬ್ರೈಡ್ ಕಡತ ಹೊತ್ತು ತಂದದ್ದು ಅಫ್ಗನ್ನರ ಹತ್ಯೆಯನ್ನು ಬಯಲು ಮಾಡಲೆಂದಲ್ಲ. ಸೇನೆಯ ಮೇಲಧಿಕಾರಿಗಳು ತಮ್ಮ ಹೆಸರು ಉಳಿಸಿಕೊಳ್ಳಲು ಕೆಳಗಿನ ಯೋಧರನ್ನು ಅತಿಯಾಗಿ ತನಿಖೆಗೆ ಎಳೆಯುತ್ತಿದ್ದಾರೆ ಎಂಬುದು ಅವರ ಮೂಲ ತಕರಾರು. ಅದೇ ಕಡತಗಳಲ್ಲಿ ಓಕ್ಸ್ ಬೇರೆಯದೇ ಕತೆ ಕಂಡರು. ಇದನ್ನು ಮುಚ್ಚಿಟ್ಟು ಅವರನ್ನು ಸಂತನನ್ನಾಗಿ ಮಾಡುವ ಅಗತ್ಯವೇನಿಲ್ಲ. ಬೆಂಕಿ ಬಿದ್ದಿದೆ ಎಂದು ಕೂಗಿದವನ ಜಾತಕ ನೋಡಿ ಯಾರೂ ನೀರು ತರುವುದಿಲ್ಲ. ಕಡತದಲ್ಲಿ ಇದ್ದದ್ದು ನಿಜವೇ, ಜನರಿಗೆ ಅದು ತಿಳಿಯಬೇಕಿತ್ತೇ, ತಿಳಿದದ್ದರಿಂದ ಯಾರ ಜೀವಕ್ಕಾದರೂ ಕುತ್ತು ಬಂತೇ? ಕೋರ್ಟು ತೂಗಿ ನೋಡಬೇಕಾದದ್ದು ಇವನ್ನು. ಸೇನೆಗೆ ಗುಟ್ಟುಗಳು ಬೇಕು ಎಂಬುದನ್ನು ಒಪ್ಪೋಣ. ಕೊಲೆಯ ಆರೋಪವೂ ಆ ಗುಟ್ಟಿನ ಕಂತೆಯಲ್ಲಿ ಸೇರಿಕೊಂಡರೆ ತೂಗುವ ಅಧಿಕಾರ ನ್ಯಾಯಾಧೀಶರಿಗಾದರೂ ಇರಬೇಡವೇ?

ಸುದ್ದಿ ಉಂಡು, ಕೊಟ್ಟವರನ್ನು ಮರೆಯುವ ಚಾಳಿ ಆಸ್ಟ್ರೇಲಿಯಾದ್ದು ಮಾತ್ರವಲ್ಲ. 2011ರ ಮಾರ್ಚ್‌ನಲ್ಲಿ ‘ದಿ ಹಿಂದೂ’ ಪತ್ರಿಕೆ ವಿಕಿಲೀಕ್ಸ್‌ನಿಂದ ಪಡೆದ ಅಮೆರಿಕ ರಾಯಭಾರ ಕಚೇರಿಯ ದಾಖಲೆಗಳನ್ನು ‘ಇಂಡಿಯಾ ಕೇಬಲ್ಸ್’ ಹೆಸರಲ್ಲಿ ಪ್ರಕಟಿಸಿದಾಗ, 2008ರ ವಿಶ್ವಾಸಮತದ ವೇಳೆ ಸಂಸದರ ಖರೀದಿಗೆ ಹಣ ಸಿದ್ಧವಾಗಿತ್ತೆಂಬ ಆರೋಪಕ್ಕೆ ದೆಹಲಿಯ ಸಂಸತ್ತು ಗದ್ದಲದಲ್ಲಿ ಮುಳುಗಿತು. ಆ ದಾಖಲೆಗಳನ್ನು ಹೊರತಂದ ಚೆಲ್ಸಿ ಮ್ಯಾನಿಂಗ್ ಅದೇ ತಿಂಗಳು ಅಮೆರಿಕದ ಕ್ವಾಂಟಿಕೊ ಸೇನಾ ನೆಲೆಯ ಒಂಟಿ ಕೋಣೆಯಲ್ಲಿದ್ದರು. ರಾತ್ರಿ ಬಟ್ಟೆಯನ್ನೂ ಕಿತ್ತುಕೊಳ್ಳಲಾಗುತ್ತಿತ್ತು. 2013ರಲ್ಲಿ 35 ವರ್ಷದ ಶಿಕ್ಷೆಯಾಯಿತು, ಒಬಾಮ ಅದನ್ನು ಕಡಿತಗೊಳಿಸಿದ್ದರಿಂದ 2017ರಲ್ಲಿ ಹೊರಬಂದರು. ಅಸಾಂಜ್ ವಿರುದ್ಧದ ತನಿಖೆಯಲ್ಲಿ ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿ ಹೇಳಲು ನಿರಾಕರಿಸಿದ್ದಕ್ಕೆ 2019ರಲ್ಲಿ ಮತ್ತೆ ಒಳಗೆ ಹೋದರು. ನಮ್ಮ ಓದುಗರಿಗೆ ಅಸಾಂಜ್ ಗೊತ್ತು. ಮ್ಯಾನಿಂಗ್ ಹೆಸರು ಕೇಳಿದರೆ ಯಾರದು ಎನ್ನುವವರೇ ಹೆಚ್ಚು.

ಹಾಗಾಗಿ ಪತ್ರಿಕಾ ಸ್ವಾತಂತ್ರ್ಯದ ಹೆಸರಲ್ಲಿ ಹೋರಾಡುವವರು ಪತ್ರಕರ್ತನ ಬಾಗಿಲಲ್ಲೇ ನಿಂತುಬಿಟ್ಟರೆ ಸಾಲದು. ಆಸ್ಟ್ರೇಲಿಯಾದ ತೆರಿಗೆ ಇಲಾಖೆಯ ಮಾಜಿ ನೌಕರ ರಿಚರ್ಡ್ ಬಾಯ್ಲ್ ಪ್ರಕರಣ ನೋಡಿ. ಬಾಕಿ ವಸೂಲಿಗಾಗಿ ಸಣ್ಣ ವ್ಯಾಪಾರಿಗಳ ಬ್ಯಾಂಕ್ ಖಾತೆಗೆ ಇಲಾಖೆ ಹೇಗೆ ಕೈ ಹಾಕುತ್ತಿದೆ ಎಂಬುದನ್ನು ಮೊದಲು ಒಳಗೇ ದೂರಿ, ಫಲ ಕಾಣದೆ 2018ರಲ್ಲಿ ಮಾಧ್ಯಮದ ಮುಂದೆ ಹೇಳಿದವರು ಅವರು. ಕೋರ್ಟುಗಳು ಹೇಳಿದ್ದೇನು? ದೂರು ಹೇಳುವ ಕೆಲಸಕ್ಕೆ ಕಾಯ್ದೆಯ ರಕ್ಷಣೆ ಉಂಟು, ದೂರಿಗೆ ಸಾಕ್ಷಿ ಕೂಡಿಹಾಕುವ ಕೆಲಸಕ್ಕಿಲ್ಲ. ಅಂದರೆ ಫೋನಿನಲ್ಲಿ ಕಡತದ ಫೋಟೊ ತೆಗೆದರೆ ಅಪರಾಧ, ಫೋಟೊ ಇಲ್ಲದೆ ಹೇಳಿದರೆ ನಂಬುವವರಿಲ್ಲ. ಏಳು ವರ್ಷ ಅಲೆದು ತಪ್ಪೊಪ್ಪಿಕೊಂಡ ಬಾಯ್ಲ್ 2025ರಲ್ಲಿ ಜೈಲು ತಪ್ಪಿಸಿಕೊಂಡರು, ಅಷ್ಟೇ ಸಮಾಧಾನ. ಮೆಕ್‌ಬ್ರೈಡ್ ಮೇಲ್ಮನವಿ ಅದೇ ವರ್ಷದ ಮೇ ತಿಂಗಳಲ್ಲಿ ವಜಾ ಆಯಿತು. ಅದಕ್ಕೆ ಮೂರು ತಿಂಗಳ ಮುಂಚೆ, ಅಸಾಂಜ್ ಪರ ನಿರ್ಣಯ ಮಂಡಿಸಿದ್ದ ಪಕ್ಷೇತರ ಸಂಸದ ಆಂಡ್ರ್ಯೂ ವಿಲ್ಕಿ ಮತ್ತು ಸಂಗಡಿಗರು ವಿಸಲ್‌ಬ್ಲೋವರ್ ರಕ್ಷಣಾ ಪ್ರಾಧಿಕಾರದ ಮಸೂದೆ ತಂದರು. ಇರಾಕ್ ಯುದ್ಧದ ಸಮರ್ಥನೆಗಳು ಪೊಳ್ಳೆಂದು 2003ರಲ್ಲಿ ಗುಪ್ತಚರ ಕೆಲಸ ಬಿಟ್ಟು ಬಂದ ವಿಲ್ಕಿಗೆ ಈ ದಾರಿಯ ಕಲ್ಲುಮುಳ್ಳು ಚೆನ್ನಾಗಿ ಗೊತ್ತು. ಅಸಾಂಜ್‌ಗಾಗಿ ಕೈ ಎತ್ತಿದ 86 ಮಂದಿಯನ್ನು ಆಸ್ಟ್ರೇಲಿಯಾದ ಪತ್ರಿಕೆಗಳು ಹೆಸರು ಹಿಡಿದು ಕೇಳಬೇಕಾದ ಪ್ರಶ್ನೆ ಈಗ ಈ ಮಸೂದೆಯದೇ.