ದೂರದಿಂದ ನೋಡಬಹುದು, ತಿರುಗಿಸುವ ಕೈ ಹತ್ತಿರವಿರಲಿ

ಸರಿರಾತ್ರಿಯಲ್ಲಿ ಮೂರು ಫೇಸ್ ವಿದ್ಯುತ್ ಬಂದಾಗ ಟಾರ್ಚು ಹಿಡಿದು, ಹಾವು-ಚೇಳುಗಳಿಗೆ ಅಂಜುತ್ತ ಹೊಲಕ್ಕೆ ನಡೆಯಬೇಕಿದ್ದ ನಮ್ಮ ರೈತರಲ್ಲಿ ಅನೇಕರು ಈಗ ಮನೆಯಲ್ಲೇ ಕುಳಿತು ಮೊಬೈಲ್ ಫೋನಿನಿಂದ ಪಂಪ್‌ಸೆಟ್ ಚಾಲೂ ಮಾಡುತ್ತಾರೆ. ಯಂತ್ರಗಳನ್ನು ದೂರದಿಂದ ನಡೆಸುವುದರಲ್ಲಿ ಏನು ಲಾಭ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಹೀಗಾಗಿ ಈ ತಂತ್ರಜ್ಞಾನವೇ ಬೇಡವೆನ್ನುವ ವಾದ ನನ್ನದಲ್ಲ. ಆದರೆ ರೈತನೊಬ್ಬನ ಪಂಪು ಕೈಕೊಟ್ಟರೆ ಒಂದು ಸರದಿಯ ನೀರು ತಪ್ಪೀತು. ಇಡೀ ಊರಿಗೆ ನೀರು ಹಾಯಿಸುವ ಪಂಪ್‌ಹೌಸಿನ ಹಿಡಿತವೇ ಅಪರಿಚಿತರ ಪಾಲಾದರೆ?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. 2023ರ ನವೆಂಬರ್ 25ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪ್ಪ ಎಂಬ ಸಣ್ಣ ಪಟ್ಟಣದ ಜಲಮಂಡಳಿಗೆ ಸೇರಿದ ಪಂಪಿಂಗ್ ಕೇಂದ್ರವೊಂದರಲ್ಲಿ ನೀರಿನ ಒತ್ತಡ ಕಾಯುವ ನಿಯಂತ್ರಕದ ಪರದೆಯ ಮೇಲೆ ಇಸ್ರೇಲ್ ವಿರೋಧಿ ಘೋಷಣೆ ಮೂಡಿತು. ನಿಯಂತ್ರಕವು ಇಸ್ರೇಲಿನ ಯೂನಿಟ್ರಾನಿಕ್ಸ್ ಕಂಪನಿಯದು ಎಂಬುದಷ್ಟೇ ಆ ಪಟ್ಟಣಕ್ಕೂ ಪಶ್ಚಿಮ ಏಷ್ಯಾದ ಯುದ್ಧಕ್ಕೂ ಇದ್ದ ನಂಟು. ದಾಳಿಕೋರರು ಇರಾನಿನ ರೆವಲ್ಯೂಷನರಿ ಗಾರ್ಡ್ ಪಡೆಗೆ ಸೇರಿದವರೆಂದು ಅಮೆರಿಕ ಸರ್ಕಾರ ಹೇಳಿತು. ಒಳನುಗ್ಗಲು ಅವರು ಮಹಾ ವಿದ್ಯೆಯನ್ನೇನೂ ಪ್ರಯೋಗಿಸಬೇಕಾಗಿರಲಿಲ್ಲ. ಈ ಬಗೆಯ ನಿಯಂತ್ರಕಗಳು ನೇರವಾಗಿ ಅಂತರ್ಜಾಲಕ್ಕೆ ತೆರೆದುಕೊಂಡಿದ್ದವು. ಕಾರ್ಖಾನೆಯಿಂದ ಬರುವಾಗ ಅವುಗಳಿಗಿದ್ದ ಪಾಸ್‌ವರ್ಡ್ 1111. ಅಪಾಯಸೂಚಕ ಗಂಟೆ ಬಾರಿಸಿದೊಡನೆ ಸಿಬ್ಬಂದಿ ಯಂತ್ರವನ್ನು ಜಾಲದಿಂದ ಬಿಡಿಸಿ ಪಂಪುಗಳನ್ನು ಕೈಯಿಂದಲೇ ನಡೆಸಿದ್ದರಿಂದ ಯಾರ ಮನೆಯ ನಲ್ಲಿಯೂ ಒಣಗಲಿಲ್ಲ. ವಿಪರ್ಯಾಸವೆಂದರೆ, ಕುಡಿಯುವ ನೀರಿನ ಘಟಕಗಳ ತಪಾಸಣೆಯಲ್ಲಿ ಸೈಬರ್ ಭದ್ರತೆಯನ್ನೂ ಪರಿಶೀಲಿಸಬೇಕೆಂಬ ಸೂಚನೆಯನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಕೆಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದುದರಿಂದ, ಅದರ ಹಿಂದಿನ ತಿಂಗಳಷ್ಟೇ ಹಿಂತೆಗೆದುಕೊಂಡಿತ್ತು.

ಪಿಎಲ್‌ಸಿ ಎಂದು ಕರೆಯುವ ಈ ನಿಯಂತ್ರಕಗಳ ಜನ್ಮವೃತ್ತಾಂತ ತಿಳಿದರೆ ಅವುಗಳ ಮುಗ್ಧತೆಯೂ ಅರ್ಥವಾಗುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳ ರಿಲೇ ಫಲಕಗಳಿಗೆ ಬದಲಿಯಾಗಿ ಅವು ಬಂದವು. ಉಷ್ಣತೆ, ಒತ್ತಡ, ನೀರಿನ ಮಟ್ಟಗಳನ್ನು ಅಳೆದು ವಾಲ್ವನ್ನೋ ಮೋಟಾರನ್ನೋ ಚಾಲೂ ಮಾಡುವುದು, ನಿಲ್ಲಿಸುವುದು ಅವುಗಳ ಕೆಲಸ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಅವುಗಳ ಸಂವಹನ ಭಾಷೆ ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. ಆಜ್ಞೆ ಕೊಟ್ಟವರು ಯಾರು ಎಂದು ವಿಚಾರಿಸುವ ಪದ್ಧತಿಯೇ ಅದರ ಮೂಲ ರೂಪದಲ್ಲಿಲ್ಲ. ಒಂದೇ ಕಟ್ಟಡದೊಳಗೆ, ಒಂದೇ ತಂತಿಯ ಎರಡು ತುದಿಗಳಲ್ಲಿದ್ದವರಿಗೆ ಆ ಪ್ರಶ್ನೆ ಬೇಕಾಗಿಯೂ ಇರಲಿಲ್ಲ. ಈಗ ಅದೇ ತಂತಿಯ ತುದಿಯನ್ನು ಜಗತ್ತಿಗೆಲ್ಲ ಜೋಡಿಸುತ್ತಿದ್ದೇವೆ.

ಜೋಡಿಸಿದ್ದರ ಪೂರ್ಣ ಬೆಲೆ ತೆತ್ತವರು ಉಕ್ರೇನಿನವರು. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ಸಬ್‌ಸ್ಟೇಷನ್ನುಗಳ ಬ್ರೇಕರ್‌ಗಳನ್ನು ಒಂದೊಂದಾಗಿ ತೆರೆಯತೊಡಗಿದಾಗ, ನಿಯಂತ್ರಣ ಕೊಠಡಿಯ ಸಿಬ್ಬಂದಿ ಪರದೆಯ ಮೇಲೆ ತಾನಾಗಿ ಓಡುತ್ತಿದ್ದ ಮೌಸ್ ಬಾಣವನ್ನು ಅಸಹಾಯಕರಾಗಿ ನೋಡುತ್ತ ಕುಳಿತರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಚಳಿಗಾಲದ ಕತ್ತಲು. ದೂರವಾಣಿ ಕೇಂದ್ರಕ್ಕೆ ಸುಳ್ಳು ಕರೆಗಳ ಮಳೆ ಸುರಿಸಿ ಜನರ ದೂರೂ ತಲುಪದಂತೆ ಮಾಡಲಾಗಿತ್ತು. ಆದರೂ ಆರು ಗಂಟೆಯೊಳಗೆ ವಿದ್ಯುತ್ ಮರಳಿತು. ಹೇಗೆಂದರೆ, ನೌಕರರು ವಾಹನ ಹತ್ತಿ ಸಬ್‌ಸ್ಟೇಷನ್ನುಗಳಿಗೆ ಹೋಗಿ ಬ್ರೇಕರ್‌ಗಳನ್ನು ಕೈಯಿಂದ ಹಾಕಿದರು. ಅಲ್ಲಿನ ಉಪಕರಣಗಳು ಹಳೆಯವು, ಕೈಯಿಂದ ನಡೆಸಬಲ್ಲವರು ಇನ್ನೂ ನೌಕರಿಯಲ್ಲಿದ್ದರು. ಪೂರ್ತಿ ಆಧುನೀಕರಣಗೊಂಡು ಆ ಜನರನ್ನು ಮನೆಗೆ ಕಳುಹಿಸಿದ್ದ ದೇಶವಾಗಿದ್ದರೆ ಕತ್ತಲು ಎಷ್ಟು ಹೊತ್ತು ಇರುತ್ತಿತ್ತು?

ನಮ್ಮಲ್ಲಿ 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಪ್ರಕರಣವನ್ನು ಮೊದಲು ನಿರಾಕರಿಸಿ ಮರುದಿನ ಒಪ್ಪಿಕೊಳ್ಳಲಾಯಿತು. ಕುತಂತ್ರಾಂಶ ಸೇರಿದ್ದು ಆಡಳಿತ ಕೆಲಸದ ಜಾಲಕ್ಕೆ. ಸ್ಥಾವರ ನಡೆಸುವ ವ್ಯವಸ್ಥೆ ಅದರಿಂದ ಬೇರೆಯಾಗಿದ್ದುದರಿಂದ ಅಪಾಯವಾಗಲಿಲ್ಲವೆಂದು ಅಣುವಿದ್ಯುತ್ ನಿಗಮ ತಿಳಿಸಿತು. (ಬೇರೆಯಾಗಿಟ್ಟ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಪೆನ್‌ಡ್ರೈವ್‌ಗಳ ಮೂಲಕವೂ ಹರಡಬಲ್ಲದಾಗಿತ್ತು.) ವಿದ್ಯುತ್ ಕ್ಷೇತ್ರಕ್ಕಾಗಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರಿನಲ್ಲಿ ಸೈಬರ್ ಭದ್ರತಾ ಮಾರ್ಗಸೂಚಿ ಹೊರಡಿಸಿತು. ಆದರೆ ನೀರಿನ ಪಂಪ್‌ಹೌಸ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಹಂತ ಹಂತವಾಗಿ ಮೇಲೆತ್ತಿ ತಂದ ಕಾವೇರಿಯನ್ನು ಕುಡಿಯುವ ಬೆಂಗಳೂರಿಗರಿಗೆ ಪಂಪೊಂದು ನಿಂತರೆ ಏನಾಗುವುದೆಂದು ನಾನು ವಿವರಿಸಬೇಕಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ನೋಡುವುದು ಬೇರೆ, ತಿರುಗಿಸುವುದು ಬೇರೆ. ಟ್ಯಾಂಕಿನ ಮಟ್ಟ, ಕ್ಲೋರಿನ್ ಪ್ರಮಾಣ, ಪೈಪಿನ ಸೋರಿಕೆ ಕೇಂದ್ರ ಕಚೇರಿಗೆ ಕ್ಷಣಕ್ಷಣವೂ ತಿಳಿಯುವುದರಿಂದ ಆಗುವ ಉಪಕಾರ ದೊಡ್ಡದು. ಮಾಹಿತಿಯನ್ನು ಒಂದೇ ದಿಕ್ಕಿಗೆ ಹರಿಯಬಿಟ್ಟು ಆಜ್ಞೆಯನ್ನು ಒಳಗೆ ಬಿಡದ ಸಾಧನಗಳು ಮಾರುಕಟ್ಟೆಯಲ್ಲಿವೆ. ದೂರದಿಂದ ವಾಲ್ವು ತಿರುಗಿಸುವ ಅಧಿಕಾರವನ್ನು, ಮನುಷ್ಯರು ಬೇಗ ತಲುಪಲಾಗದ ಜಾಗಗಳಿಗೆ ಮಾತ್ರ, ಕಾರಣ ಬರೆದಿಟ್ಟು ಕೊಡಬೇಕು. ದುರಸ್ತಿ ಗುತ್ತಿಗೆ ಹಿಡಿದ ಕಂಪನಿಗೆ ಅನುಕೂಲವೆಂದು ಬಾಗಿಲನ್ನು ವರ್ಷವಿಡೀ ತೆರೆದಿಡುವುದು ಕಾರಣವಾಗದು.

ನಮ್ಮ ಆಡಳಿತಗಾರರಿಗೆ ಇದರಲ್ಲಿ ಕಾಣುವ ಮುಖ್ಯ ಆಕರ್ಷಣೆ ಸಿಬ್ಬಂದಿ ಕಡಿತ ಎಂಬ ಗುಮಾನಿ ನನಗಿದೆ. ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಯಾವ ಕೇರಿಗೆ ನೀರು ಏರುತ್ತದೆಂಬುದು ನೀರುಗಂಟಿಯ ತಲೆಯಲ್ಲಿದೆ, ಯಾವ ಕಂಪ್ಯೂಟರಿನಲ್ಲೂ ಇಲ್ಲ. ಆತ ನಿವೃತ್ತನಾಗುವ ಮುನ್ನ ಅದನ್ನು ಬರೆದಿಡುವ ಕೆಲಸ ಯಾವ ಟೆಂಡರಿನಲ್ಲಿ ಸೇರಿದೆ? ಜಾಲ ಜೋಡಿಸುವ ಪ್ರತಿ ಗುತ್ತಿಗೆಯಲ್ಲೂ ಒಂದು ಷರತ್ತು ಇರಲಿ: ವರ್ಷಕ್ಕೊಂದು ದಿನ ಜಾಲವನ್ನು ಪೂರ್ತಿ ಕಡಿದು, ಆ ದಿನದ ನೀರನ್ನು ಸ್ಥಳೀಯ ಸಿಬ್ಬಂದಿಯೇ ಕೈಯಿಂದ ಬಿಟ್ಟು ತೋರಿಸಬೇಕು. ಅದಾದ ಮೇಲೆಯೇ ಗುತ್ತಿಗೆದಾರನಿಗೆ ಆ ವರ್ಷದ ಬಿಲ್ಲು ಪಾವತಿಯಾಗಲಿ.