ಅಂಗಡಿ ಸುಟ್ಟರೆ ಅದು ಗಲಭೆಯೋ, ಭಯೋತ್ಪಾದನೆಯೋ? ಪಾಲಿಸಿ ಒಮ್ಮೆ ತೆಗೆದು ನೋಡ್ರಿ

ಬಾಂಬು, ಭಯೋತ್ಪಾದನೆ ಎಲ್ಲಾ ದೆಹಲಿ, ಬೆಂಗಳೂರಿನ ಸುದ್ದಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಅಂಗಡಿಕಾರರಿಗೆ ಅದರಿಂದ ಏನಾಗಬೇಕಾಗೇದ ಅಂತ ಯಾರಾದರೂ ಕೇಳಬಹುದು. ಆದರೆ ನಿಮ್ಮ ಅಂಗಡಿಯ ಇನ್ಶೂರೆನ್ಸ್ ಪಾಲಿಸಿಯೊಳಗ ಆ ಶಬ್ದ ಅದ. ನಾಳೆ ಯಾವುದೋ ಬಂದ್ ದಿನ ಯಾರೋ ಬಂದು ಅಂಗಡಿಗೆ ಬೆಂಕಿ ಹಚ್ಚಿದರೆ ರೊಕ್ಕ ಬರ್ತದೋ ಇಲ್ಲೋ ಅನ್ನೋದು ಆ ಒಂದು ಶಬ್ದದ ಮೇಲೆ ನಿಲ್ಲಬಹುದು.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. 1980ರ ಜುಲೈ 21ರ ರೈತ ಬಂಡಾಯ ನವಲಗುಂದದವರಿಗೆ ಹೇಳಿಕೊಡಬೇಕಾಗಿಲ್ಲ. 2008ರ ಮೇ 10ರಂದು ಹುಬ್ಬಳ್ಳಿ ಕೋರ್ಟ್‌ನಲ್ಲಿ ಸ್ಫೋಟ ಆಯ್ತು. 2016ರ ಜುಲೈ ಕೊನೆಯಲ್ಲಿ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದ ಮೇಲೆ ನವಲಗುಂದದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ದಾಳಿ ನಡೀತು, ಯಮನೂರಿನಲ್ಲಿ ಪೊಲೀಸರ ಲಾಠಿ ಬೀಸ್ತು. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಕಲ್ಲು ತೂರಾಟ ಆಯ್ತು. ಇವು ಒಂದೇ ಜಾತಿಯ ಘಟನೆಗಳಲ್ಲ. ಆದರೆ ಇನ್ಶೂರೆನ್ಸ್ ಕಂಪನಿಯ ಎದುರು ನಿಂತಾಗ ಯಾವುದನ್ನ ಯಾವ ಹೆಸರಿನಿಂದ ಕರೀತಾರ ಅನ್ನೋದೇ ಮುಖ್ಯ ಆಗ್ತದ.

ಎರಡು ಶಬ್ದ, ಎರಡು ದಾರಿ

ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ "ಗಲಭೆ, ಮುಷ್ಕರ, ದುರುದ್ದೇಶದ ಹಾನಿ" ಅನ್ನೋ ಸಾಲು ಇರ್ತದ. ಭಯೋತ್ಪಾದನೆ ಬೇರೆ. ಹಳೇ ಮಾದರಿಯ ಪಾಲಿಸಿಯಲ್ಲಿ ಅದನ್ನ ಹೊರಗಿಟ್ಟು, ಬೇಕಾದವರು ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು ಅಂತ ಮಾಡಿದ್ರು. ಭಯೋತ್ಪಾದನೆ ಅಂದ್ರ ಏನು ಅನ್ನೋದಕ್ಕೆ ಪಾಲಿಸಿಯೇ ಒಂದು ವ್ಯಾಖ್ಯೆ ಕೊಡ್ತದ: ರಾಜಕೀಯ, ಧಾರ್ಮಿಕ ಅಥವಾ ಸೈದ್ಧಾಂತಿಕ ಉದ್ದೇಶಕ್ಕಾಗಿ, ಸರ್ಕಾರದ ಮೇಲೆ ಪ್ರಭಾವ ಬೀರಲು ಇಲ್ಲವೇ ಜನರಲ್ಲಿ ಭಯ ಹುಟ್ಟಿಸಲು ಒಬ್ಬರೋ ಗುಂಪೋ ಮಾಡುವ ಹಿಂಸೆ. ಈ ವ್ಯಾಖ್ಯೆಯೊಳಗ ಎಷ್ಟು ಬಂದ್, ಎಷ್ಟು ಮೆರವಣಿಗೆ ತೂರಿಸಬಹುದು ಅಂತ ನೀವೇ ಲೆಕ್ಕ ಹಾಕ್ರಿ.

ಹಳೇ ಹುಬ್ಬಳ್ಳಿ ಪ್ರಕರಣವನ್ನೇ ನೋಡ್ರಿ. ಜನ ಅದನ್ನ ಗಲಾಟೆ ಅಂದ್ರು. ಪೊಲೀಸರು ಯುಎಪಿಎ ಹಾಕಿದ್ರು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕೇಸ್ ವಾಪಸ್ ತಗೊಳ್ಳಲು ತೀರ್ಮಾನಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಒಂದೇ ರಾತ್ರಿಯ ಘಟನೆಗೆ ಮೂರು ವರ್ಷದಲ್ಲಿ ಇಷ್ಟು ತಿರುವು. ಅಂಗಡಿಕಾರನ ಕ್ಲೇಮ್ ಇಂಥ ಹೆಸರಿಗೆ ಜೋತು ಬಿದ್ದರೆ ಅವನು ಎಲ್ಲಿಗೆ ಹೋಗಬೇಕು?

ಇಲ್ಲಿ ಸುಪ್ರೀಂ ಕೋರ್ಟ್‌ನ ಒಂದು ತೀರ್ಪು ನೆನಪಿಡಬೇಕು. ಜಾರ್ಖಂಡ್‌ನ ನರಸಿಂಗ್ ಇಸ್ಪಾತ್ ಕಾರ್ಖಾನೆಗೆ 2010ರಲ್ಲಿ ಐವತ್ತು-ಅರವತ್ತು ಜನ ನುಗ್ಗಿ ಹಾನಿ ಮಾಡಿದ್ರು. ಇದು ಭಯೋತ್ಪಾದನೆ, ಪಾಲಿಸಿಗೆ ಹೊರಗಿನದು ಅಂತ ಓರಿಯಂಟಲ್ ಇನ್ಶೂರೆನ್ಸ್ ಕ್ಲೇಮ್ ತಿರಸ್ಕರಿಸಿತು. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಕಾರ್ಖಾನೆಯ ಪರ ನಿಂತಿತು. ಕ್ರಿಮಿನಲ್ ಕಾಯ್ದೆಯ ವ್ಯಾಖ್ಯೆ ತಂದು ಪಾಲಿಸಿಗೆ ಹಚ್ಚುವಂತಿಲ್ಲ, ಪಾಲಿಸಿಯಲ್ಲಿ ಬರೆದದ್ದೇ ಲೆಕ್ಕ. ಹೊರಗಿಟ್ಟ ಪಟ್ಟಿಗೆ ಇದು ಸೇರ್ತದ ಅಂತ ಸಾಬೀತು ಮಾಡೋದು ಕಂಪನಿಯ ಕೆಲಸ ಅಂತ ಹೇಳಿತು. ಅಂದ್ರ ಪೊಲೀಸರು ಯುಎಪಿಎ ಹಾಕ್ಯಾರ ಅಂದ ಮಾತ್ರಕ್ಕೆ ನಿಮ್ಮ ಕ್ಲೇಮ್ ಸಾಯೋದಿಲ್ಲ. ಆದರೆ ಕಾರ್ಖಾನೆಯವರಿಗೆ ಇದಕ್ಕೆ ಹನ್ನೆರಡು ವರ್ಷ ಹಿಡೀತು. ಕಿರಾಣಿ ಅಂಗಡಿಯವ ಹನ್ನೆರಡು ತಿಂಗಳೂ ತಡಕೊಳ್ಳಲಾರ.

ಸರ್ಕಾರ ಏನು ಕೊಡ್ತದ?

ಜೀವಕ್ಕೆ ಕೊಡ್ತದ, ಅಂಗಡಿಗೆ ಇಲ್ಲ. ಭಯೋತ್ಪಾದನೆ, ಕೋಮು ಹಿಂಸೆಯಲ್ಲಿ ಸತ್ತವರ ಕುಟುಂಬಕ್ಕೆ ಮತ್ತು ಶಾಶ್ವತ ಅಂಗವಿಕಲರಾದವರಿಗೆ ಕೇಂದ್ರದ ಯೋಜನೆ 2008ರಲ್ಲಿ 3 ಲಕ್ಷ ರೂಪಾಯಿ ಇತ್ತು, 2016ರಲ್ಲಿ 5 ಲಕ್ಷ ಆಯ್ತು. ಸುಟ್ಟ ಮಾಲು, ಮುರಿದ ಶಟರ್ ಆ ಯೋಜನೆಯಲ್ಲಿ ಬರೋದಿಲ್ಲ.

ಭಯೋತ್ಪಾದನೆ ವಿಮೆಯ ಹಿಂದೆ ಇರೋದು ಒಂದು ನಿಧಿ. ಅಮೆರಿಕದ ಅವಳಿ ಗೋಪುರದ ದಾಳಿ ನಂತರ ಹೊರದೇಶದ ಮರುವಿಮೆ ಕಂಪನಿಗಳು ಕೈ ಎತ್ತಿದ್ವು. ಆಗ, 2002ರ ಏಪ್ರಿಲ್‌ನಲ್ಲಿ, ನಮ್ಮ ವಿಮಾ ಕಂಪನಿಗಳು ಸೇರಿ ಇದನ್ನ ಕಟ್ಟಿದ್ವು. ಸರ್ಕಾರಿ ಒಡೆತನದ ಜಿಐಸಿ ರೀ ಅದನ್ನ ನೋಡಿಕೊಳ್ತದ. ಒಂದು ಜಾಗಕ್ಕೆ 2,000 ಕೋಟಿ ರೂಪಾಯಿ ತನಕ ರಕ್ಷಣೆ. ಆದರೆ ಇದರ ಹಿಂದೆ ಸರ್ಕಾರದ ಖಜಾನೆಯ ಗ್ಯಾರಂಟಿ ಇಲ್ಲ. ಬ್ರಿಟನ್‌ನಲ್ಲಿ 1993ರಿಂದ, ಅಮೆರಿಕದಲ್ಲಿ 2002ರಿಂದ ಸರ್ಕಾರವೇ ಹಿಂದೆ ನಿಂತದ.

ಈಗ ಬೆಳೆವಿಮೆ ಜೋಡಿ ಹೋಲಿಸಿ ನೋಡ್ರಿ. ಹೆಸರು ಬಿತ್ತಿದ ರೈತ ಮುಂಗಾರಿಗೆ ವಿಮಾ ಮೊತ್ತದ 2 ಪರ್ಸೆಂಟ್ ಕಟ್ಟಿದರೆ ಸಾಕು, ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ಸರ್ಕಾರ ಹಾಕ್ತಾವ. ಅದೇ ಹೆಸರನ್ನ ಖರೀದಿ ಮಾಡಿ ಗೋದಾಮಿನಲ್ಲಿ ಇಟ್ಟ ಸಣ್ಣ ವ್ಯಾಪಾರಿಗೆ ಪೈಸೆ ಸಹಾಯ ಇಲ್ಲ, ಮ್ಯಾಲೆ ಪ್ರೀಮಿಯಂಗೆ 18 ಪರ್ಸೆಂಟ್ ಜಿಎಸ್‌ಟಿ. ಭಯೋತ್ಪಾದನೆ ರಕ್ಷಣೆಯ ದರ ವಿಮೆ ಮೊತ್ತದ ಸಾವಿರಕ್ಕೆ ಪೈಸೆ ಲೆಕ್ಕದಲ್ಲಿ ಇರ್ತದ. ಇಷ್ಟು ಸಣ್ಣ ಮೊತ್ತವನ್ನ ಸಣ್ಣ ಅಂಗಡಿಗಳಿಗಾದರೂ ಸರ್ಕಾರ ಕಟ್ಟಿದರೆ, "ಇದು ಗಲಭೆ ಅಲ್ಲ, ಭಯೋತ್ಪಾದನೆ" ಅಂತ ವಾದ ಮಾಡೋ ಅವಕಾಶವೇ ಹೋಗ್ತದ. ಕೇಳಬೇಕಾದ್ದು ಇದನ್ನ. ಬೆಂಕಿ ಆರಿದ ಮೇಲೆ ತಹಶೀಲ್ದಾರ್ ಕಚೇರಿ ಮುಂದೆ ಮನವಿ ಹಿಡಿದು ನಿಂತರೆ ಏನೂ ಸಿಗಂಗಿಲ್ಲ.

ಅಲ್ಲೀತನಕ ನೀವು ಮಾಡಬೇಕಾದ್ದು

ಸಾಲ ತಗೊಂಡ ಭಾಳ ಮಂದಿ ಅಂಗಡಿಕಾರರ ಪಾಲಿಸಿ ಬ್ಯಾಂಕ್‌ನ ಫೈಲ್‌ನಲ್ಲೇ ಇರ್ತದ. ಪ್ರೀಮಿಯಂ ಖಾತೆಯಿಂದ ಕಟ್ ಆಗ್ತದ, ಕಾಗದ ಮಾತ್ರ ಕಣ್ಣಿಗೆ ಬಿದ್ದಿರೋದಿಲ್ಲ. ಮೊದಲು ಅದರ ಪ್ರತಿ ಕೇಳಿ ತಗೊಳ್ರಿ. ಎಷ್ಟೋ ಕಡೆ ಸಾಲದ ಮಾಲಿಗಷ್ಟೇ ವಿಮೆ ಇರ್ತದ, ಕಟ್ಟಡಕ್ಕೆ ಇರೋದಿಲ್ಲ.

5 ಕೋಟಿ ರೂಪಾಯಿ ಒಳಗಿನ ವ್ಯವಹಾರಕ್ಕೆ 2021ರ ಏಪ್ರಿಲ್‌ನಿಂದ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಅನ್ನೋ ಮಾದರಿ ಪಾಲಿಸಿ ಅದ. ನಿಮ್ಮದು ಅದೇನಾ ಕೇಳ್ರಿ. ಗಲಭೆ, ಭಯೋತ್ಪಾದನೆ ಎರಡೂ ಶಬ್ದ ಅದರೊಳಗ ಅದಾವೋ, ಭಯೋತ್ಪಾದನೆಯ ಷರತ್ತಿನ ಹಾಳೆ ಲಗತ್ತಾಗೇದೋ ನೋಡ್ರಿ. ಗಾಡಿಗೆ ಬರೀ ಥರ್ಡ್ ಪಾರ್ಟಿ ಇದ್ದರೆ ಗಾಡಿ ಸುಟ್ಟಾಗ ಏನೂ ಬರಂಗಿಲ್ಲ. ಪೂರ್ಣ ಪಾಲಿಸಿಯಲ್ಲಿ ಗಲಭೆ, ಭಯೋತ್ಪಾದನೆ ಎರಡೂ ಸೇರಿರ್ತಾವ. ನಿಷೇಧಾಜ್ಞೆಯಿಂದ ಅಂಗಡಿ ಬರೀ ಮುಚ್ಚಿದ್ದಕ್ಕೆ ಸಾಮಾನ್ಯ ಬೆಂಕಿ ಪಾಲಿಸಿ ಪರಿಹಾರ ಕೊಡೋದಿಲ್ಲ ಅನ್ನೋದೂ ಗೊತ್ತಿರಲಿ.

ಹಾನಿ ಆದರೆ ದೂರಿನಲ್ಲಿ ಕಂಡದ್ದನ್ನಷ್ಟೇ ಬರೀರಿ: ಎಷ್ಟು ಗಂಟೆಗೆ, ಎಷ್ಟು ಮಂದಿ, ಏನು ಮಾಡಿದ್ರು. ಅವರು ಯಾರು, ಯಾವ ಉದ್ದೇಶಕ್ಕೆ ಬಂದ್ರು ಅಂತ ಊಹೆ ಮಾಡಿ ಹೆಸರು ಹಚ್ಚೋ ಕೆಲಸ ನಿಮ್ಮದಲ್ಲ. ಸ್ಟಾಕ್ ಪುಸ್ತಕ, ಖರೀದಿ ಬಿಲ್‌ಗಳ ಫೋಟೊ ಅಂಗಡಿ ಬಿಟ್ಟು ಬೇರೆ ಕಡೆ ಇರಲಿ. ಕ್ಲೇಮ್ ತಿರಸ್ಕಾರ ಆದರೆ ಕಾರಣವನ್ನ ಬರವಣಿಗೆಯಲ್ಲಿ ಕೇಳ್ರಿ. 50 ಲಕ್ಷ ರೂಪಾಯಿ ತನಕದ ತಕರಾರಿಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಶುಲ್ಕ ಇಲ್ಲ. ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಅದ.

ಈ ವಾರ ಬ್ಯಾಂಕಿಗೆ ಹೋದಾಗ ಪಾಲಿಸಿಯ ಪ್ರತಿ ಒಂದು ಕೇಳ್ರಿ. ಕೊಡಲಿಕ್ಕೆ ಹಿಂದೆ-ಮುಂದೆ ನೋಡಿದರೆ ಅರ್ಜಿ ಬರೆದು ಸ್ವೀಕೃತಿ ತಗೊಳ್ರಿ.